ಬಿಲ್ಡ್ ಹೊತ್ತಿನಲ್ಲಿ ಇಂಪೋರ್ಟ್ ಬದಲಿಸುವುದು: ಯಾವ ಹಂತದಲ್ಲಿ ಕೈ ಹಾಕಬೇಕು?

ಕೋಡ್‌ನಲ್ಲಿರುವ ಇಂಪೋರ್ಟ್ ಸಾಲು ಒಂದೇ. ಆದರೆ ಡೆಮೊ ಬಿಲ್ಡ್‌ಗೆ ನಕಲಿ ಪೇಮೆಂಟ್ ಫೈಲ್ ಸೇರಬೇಕು, ಪ್ರೊಡಕ್ಷನ್‌ಗೆ ಅಸಲಿ. ಬ್ರೌಸರ್‌ಗಾದರೆ ಇಂಡೆಕ್ಸ್ಡ್‌ಡಿಬಿ ಬಳಸುವ ಸ್ಟೋರೇಜ್, ನೋಡ್‌ಗಾದರೆ ಫೈಲ್ ಸಿಸ್ಟಮ್ ಬಳಸುವುದು. ರಿಯಾಕ್ಟ್ ಎಂದು ಬರೆದ ಕಡೆಯೆಲ್ಲ ಅದರಂತೆಯೇ ಬಳಸಬಹುದಾದ ಪುಟ್ಟ ಲೈಬ್ರರಿ ಪ್ರಿಯಾಕ್ಟ್. ಮೂಲ ಕೋಡ್ ಮುಟ್ಟದೆ ‘ಇದನ್ನು ಕೇಳಿದರೆ ಅದನ್ನು ಕೊಡು’ ಎಂದು ಬಂಡ್ಲರ್‌ಗೆ (ಹಲವು ಫೈಲ್‌ಗಳನ್ನು ಸೇರಿಸಿ ಬಿಲ್ಡ್ ಕಟ್ಟುವ ಸಲಕರಣೆ; ವೆಬ್‌ಪ್ಯಾಕ್, ವೀಟ್, ರೋಲಪ್, ಇಎಸ್‌ಬಿಲ್ಡ್ ಇಂಥವು) ಹೇಳಿಡಲು ಹಲವು ದಾರಿಗಳಿವೆ. ಅವು ಕೆಡುವುದು ಮಾತ್ರ ಹೆಚ್ಚಾಗಿ ಒಂದೇ ಕಾರಣಕ್ಕೆ. ನಾವು ಕೊಟ್ಟ ಹೆಸರನ್ನು ಬಂಡ್ಲರ್ ಯಾವುದರ ಜೊತೆ ಹೋಲಿಸುತ್ತದೆ ಎಂದು ನೋಡದೆ ಕಾನ್ಫಿಗ್ ಬರೆದಿರುತ್ತೇವೆ. ಇಂಪೋರ್ಟ್ ಸಾಲಿನಲ್ಲಿ ಬರೆದ ಅಕ್ಷರಗಳ ಜೊತೆಗೋ, ಹುಡುಕಾಟ ಮುಗಿದ ಮೇಲೆ ಸಿಕ್ಕ ಪೂರ್ಣ ಪಾತ್ ಜೊತೆಗೋ?

ಇಫ್ ಹಾಕಿದರೆ ಸಾಲದೇ ಎಂಬ ಪ್ರಶ್ನೆ ಮೊದಲು ಬರುತ್ತದೆ. ಇಎಸ್ ಮಾಡ್ಯೂಲ್‌ನ ಇಂಪೋರ್ಟ್ ಹೇಳಿಕೆ ಫೈಲ್‌ನ ಮೇಲ್ಮಟ್ಟದಲ್ಲೇ ಇರಬೇಕು, ಪಾತ್ ಕೂಡ ನೇರ ಸ್ಟ್ರಿಂಗ್ ಆಗಿರಬೇಕು. ಅದನ್ನು ಇಫ್ ಒಳಗೆ ಇಡಲು ಬರುವುದಿಲ್ಲ. ಎರಡೂ ಫೈಲ್‌ಗಳನ್ನು ಇಂಪೋರ್ಟ್ ಮಾಡಿ ಒಂದನ್ನು ಆರಿಸಿಕೊಂಡರೆ ಎರಡೂ ಗ್ರಾಫ್‌ಗೆ (ಯಾವ ಫೈಲ್ ಯಾವುದನ್ನು ಕೇಳುತ್ತದೆ ಎಂಬ ಬಂಡ್ಲರ್‌ನ ಜಾಲಕ್ಕೆ) ಬರುತ್ತವೆ. ಬೇಡದ್ದನ್ನು ಟ್ರೀ ಶೇಕಿಂಗ್ (ಬಳಸದ ಕೋಡ್ ಉದುರಿಸುವ ಹಂತ) ತೆಗೆಯಬಹುದು, ಆದರೆ ಆ ಫೈಲ್‌ನಲ್ಲಿ ಸೈಡ್ ಎಫೆಕ್ಟ್ (ಇಂಪೋರ್ಟ್ ಆದ ಮಾತ್ರಕ್ಕೆ ನಡೆಯುವ ಕೆಲಸ) ಇಲ್ಲ ಎಂಬ ಖಾತ್ರಿ ಬಂಡ್ಲರ್‌ಗೆ ಸಿಕ್ಕಾಗ ಮಾತ್ರ. ಡೈನಾಮಿಕ್ ಇಂಪೋರ್ಟ್ ಅಥವಾ ರಿಕ್ವೈರ್ ಆದರೆ ಕಥೆ ಬೇರೆ. ಡಿಫೈನ್ ಪ್ಲಗಿನ್ ಮೂಲಕ ಷರತ್ತನ್ನು ‘ಫಾಲ್ಸ್’ ಎಂದು ಬದಲಿಸಿದರೆ ವೆಬ್‌ಪ್ಯಾಕ್ ಆ ಸತ್ತ ಕವಲಿನೊಳಗಿನ ಇಂಪೋರ್ಟನ್ನು ಗ್ರಾಫ್‌ಗೆ ಸೇರಿಸುವುದೇ ಇಲ್ಲ. ಒಂದೆರಡು ಕಡೆಗೆ ಇದು ಸಾಕು. ಅದೇ ಷರತ್ತು ಇಪ್ಪತ್ತು ಫೈಲ್‌ಗಳಲ್ಲಿ ಹರಡಿಕೊಂಡರೆ ನಿಭಾಯಿಸುವವರು ಬೇಸತ್ತು ಹೋಗುತ್ತಾರೆ.

ಒಂದು ಇಂಪೋರ್ಟ್ ಸಾಗುವ ದಾರಿ

ಬಂಡ್ಲರ್ ಯಾವುದೇ ಇರಲಿ, ಕ್ರಮ ಸರಿಸುಮಾರು ಹೀಗೆ. ಮೊದಲು ಇಂಪೋರ್ಟ್ ಸಾಲಿನ ಸ್ಟ್ರಿಂಗ್ ಮತ್ತು ಅದನ್ನು ಕೇಳಿದ ಫೈಲ್ ಎರಡೂ ಕೈಗೆ ಬರುತ್ತವೆ. ಆ ಸ್ಟ್ರಿಂಗ್ ಅಲಿಯಾಸ್ ಪಟ್ಟಿಯಲ್ಲಿ (ಈ ಹೆಸರಿಗೆ ಬದಲು ಅದು ಎಂದು ನಾವು ಬರೆದಿಟ್ಟದ್ದರಲ್ಲಿ) ಇದೆಯೇ ಎಂದು ನೋಡಲಾಗುತ್ತದೆ. ಆಮೇಲೆ ಎಕ್ಸ್‌ಟೆನ್ಷನ್ ಸೇರಿಸಿ, ಪ್ಯಾಕೇಜ್.ಜೇಸನ್‌ನ ‘ಎಕ್ಸ್‌ಪೋರ್ಟ್ಸ್’ ಮತ್ತು ‘ಬ್ರೌಸರ್’ ಫೀಲ್ಡ್ ನೋಡಿ, ಸಿಮ್‌ಲಿಂಕ್ (ಬೇರೆ ಫೈಲ್‌ನತ್ತ ತೋರಿಸುವ ಕೊಂಡಿ) ಬಿಡಿಸಿ ಒಂದು ಪೂರ್ಣ ಪಾತ್‌ಗೆ ತಲುಪುತ್ತದೆ. ಕೊನೆಗೆ ಆ ಫೈಲನ್ನು ಓದಿ ಪರಿವರ್ತಿಸಲು ಯಾವ ಲೋಡರ್, ಯಾವ ಟ್ರಾನ್ಸ್‌ಫಾರ್ಮ್ ಎಂಬುದು ತೀರ್ಮಾನವಾಗುತ್ತದೆ.

ಅಲಿಯಾಸ್ ಕೆಲಸ ಮಾಡುವುದು ಬರೆದ ಸ್ಟ್ರಿಂಗ್ ಮೇಲೆ. ‘ಪೇಮೆಂಟ್’ ಎಂಬ ಕೀ ಕೊಟ್ಟು, ಕೋಡ್‌ನಲ್ಲಿ ‘../ಸರ್ವಿಸ್/ಪೇಮೆಂಟ್’ ಎಂದಿದ್ದರೆ ಅದು ತಗಲುವುದಿಲ್ಲ. ಎರರ್ ಕೂಡ ಬರುವುದಿಲ್ಲ. ಅಸಲಿ ಫೈಲ್ ಸದ್ದಿಲ್ಲದೆ ಬಂಡಲ್ ಸೇರುತ್ತದೆ. ಈ ವಿಷಯದಲ್ಲಿ ಬರುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಇಂಥವೇ: ಬಿಲ್ಡ್ ಹಸಿರು, ಬದಲಾವಣೆ ಮಾತ್ರ ಆಗಿಲ್ಲ.

ವೆಬ್‌ಪ್ಯಾಕ್‌ನಲ್ಲಿ ಅಲಿಯಾಸ್

‘ರಿಸಾಲ್ವ್.ಅಲಿಯಾಸ್’ ಒಳಗೆ ‘ಫೂ’ ಎಂಬ ಕೀ ಇಟ್ಟರೆ ‘ಫೂ’ಗೂ ತಗಲುತ್ತದೆ, ‘ಫೂ/ಬಾರ್’ಗೂ ತಗಲುತ್ತದೆ. ಗುರಿ ಒಂದು ಫೋಲ್ಡರ್ ಆಗಿದ್ದರೆ ಇದೇ ಬೇಕಾದದ್ದು. ಗುರಿ ಒಂದು ಫೈಲ್ ಆಗಿದ್ದರೆ ‘ಫೂ/ಬಾರ್’ ಎಂಬುದು ‘ನಕಲಿ.ಜೆಎಸ್/ಬಾರ್’ ಎಂದಾಗಿ, ಫೈಲ್ ಸಿಗಲಿಲ್ಲ ಎಂಬ ಎರರ್ ಬರುತ್ತದೆ. ಕೀಯ ಕೊನೆಗೆ ಡಾಲರ್ ಚಿಹ್ನೆ ಸೇರಿಸಿ ‘ಫೂ$’ ಎಂದು ಬರೆದರೆ ಸರಿಯಾಗಿ ಆ ಹೆಸರಿಗೆ ಮಾತ್ರ ತಗಲುತ್ತದೆ. ಒಂದೇ ಫೈಲ್‌ಗೆ ತಿರುಗಿಸುವ ಅಲಿಯಾಸ್‌ಗೆ ಡಾಲರ್ ಇಲ್ಲದಿದ್ದರೆ ಅದು ತಪ್ಪು ಎಂದೇ ಹಿಡಿದು ಓದಬೇಕು.

ರಿಲೇಟಿವ್ ಪಾತ್‌ನಿಂದ ಕೇಳುವ ಫೈಲನ್ನು ಬದಲಿಸಬೇಕೆಂದರೆ ಕೀಯಾಗಿ ಆ ಫೈಲ್‌ನ ಪೂರ್ಣ ಪಾತ್ ಕೊಡಬಹುದು, ‘ಪಾತ್.ರಿಸಾಲ್ವ್’ನಿಂದ ಬಂದದ್ದನ್ನೇ ಕೀ ಮಾಡಿ. ವೆಬ್‌ಪ್ಯಾಕ್‌ನ ರಿಸಾಲ್ವರ್ ಫೈಲ್ ಹಂತ ತಲುಪಿದ ಮೇಲೆ ಅಲಿಯಾಸ್ ಪಟ್ಟಿಯನ್ನು ಇನ್ನೊಮ್ಮೆ ನೋಡುವುದರಿಂದ ಇದು ನಡೆಯುತ್ತದೆ. ಎಕ್ಸ್‌ಟೆನ್ಷನ್ ಸಹಿತ ಬರೆಯುವುದನ್ನು ಮರೆಯಬಾರದು.

ಕೀಗೆ ಕೊಟ್ಟ ಬೆಲೆ (ವ್ಯಾಲ್ಯೂ) ‘ಫಾಲ್ಸ್’ ಎಂದಿದ್ದರೆ ವೆಬ್‌ಪ್ಯಾಕ್ 5 ಆ ಮಾಡ್ಯೂಲ್‌ನ ಜಾಗದಲ್ಲಿ ಖಾಲಿ ಆಬ್ಜೆಕ್ಟ್ ಇಡುತ್ತದೆ. ಬೆಲೆ ಅರೇ ಆಗಿದ್ದರೆ ಒಂದೊಂದಾಗಿ ಹುಡುಕಿ, ಮೊದಲು ಸಿಕ್ಕಿದ್ದನ್ನು ಕೊಡುತ್ತದೆ. ಒಂದೇ ಅಪ್ಲಿಕೇಷನ್ ಅನ್ನು ಹಲವು ಗ್ರಾಹಕರಿಗೆ ಬೇರೆ ಬೇರೆ ರೂಪದಲ್ಲಿ ಕೊಡುವವರಿಗೆ ಈ ಅರೇ ವರದಾನ. ‘@ಥೀಮ್’ಗೆ ಮೊದಲು ಆ ಗ್ರಾಹಕರ ಫೋಲ್ಡರ್, ಆಮೇಲೆ ಸಾಮಾನ್ಯ ಫೋಲ್ಡರ್ ಕೊಟ್ಟರೆ ಬದಲಾದ ಫೈಲ್‌ಗಳನ್ನಷ್ಟೇ ಮೊದಲ ಫೋಲ್ಡರ್‌ನಲ್ಲಿ ಇಟ್ಟುಕೊಂಡರೆ ಸಾಕು. ಒಂದೇ ಸ್ಟ್ರಿಂಗ್ ಕೊಟ್ಟಾಗ ಮಾತ್ರ ಈ ಸೌಕರ್ಯವಿಲ್ಲ: ಗುರಿ ಸಿಗದಿದ್ದರೆ ಮೂಲಕ್ಕೆ ಮರಳದೆ ನೇರ ಎರರ್.

2020ರ ಅಕ್ಟೋಬರ್‌ನಲ್ಲಿ ಬಂದ ವೆಬ್‌ಪ್ಯಾಕ್ 5, ನೋಡ್‌ನ ಒಳ ಮಾಡ್ಯೂಲ್‌ಗಳಿಗೆ ಪಾಲಿಫಿಲ್‌ಗಳನ್ನು (ಬ್ರೌಸರ್‌ನಲ್ಲಿ ಇಲ್ಲದ್ದಕ್ಕೆ ಬದಲಿ ಕೋಡ್) ತಾನಾಗಿ ಸೇರಿಸುವುದನ್ನು ನಿಲ್ಲಿಸಿತು. ‘ಕ್ರಿಪ್ಟೊ’, ‘ಸ್ಟ್ರೀಮ್’ ಮುಂತಾದವಕ್ಕೆ ಬದಲಿ ಕೊಡಲು ‘ರಿಸಾಲ್ವ್.ಫಾಲ್‌ಬ್ಯಾಕ್’ ಇದೆ. ಅಲಿಯಾಸ್ ಮೊದಲೇ ಅಡ್ಡಗಟ್ಟುತ್ತದೆ, ಫಾಲ್‌ಬ್ಯಾಕ್ ಮಾಮೂಲಿ ಹುಡುಕಾಟ ಸೋತ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಎರಡನ್ನೂ ಒಂದೇ ಎಂದು ಬಳಸುವ ಕಾನ್ಫಿಗ್‌ಗಳು ಬೇಕಾದಷ್ಟಿವೆ.

ನಾರ್ಮಲ್ ಮಾಡ್ಯೂಲ್ ರಿಪ್ಲೇಸ್‌ಮೆಂಟ್ ಪ್ಲಗಿನ್

ಅಲಿಯಾಸ್‌ಗೆ ಎಟುಕದ ಕೆಲಸಕ್ಕೆ ಈ ಉದ್ದ ಹೆಸರಿನ ಪ್ಲಗಿನ್. ಇದಕ್ಕೆ ಒಂದು ರೆಗೆಕ್ಸ್ (ಅಕ್ಷರಗಳನ್ನು ಹೋಲಿಸುವ ಮಾದರಿ) ಮತ್ತು ಒಂದು ಬದಲಿ ಕೊಡಬೇಕು; ಬದಲಿ ಸ್ಟ್ರಿಂಗ್ ಆಗಬಹುದು, ಫಂಕ್ಷನ್ ಆಗಬಹುದು. ಕಾನ್ಫಿಗ್‌ನಲ್ಲಿ ಒಂದು ಸಾಲು, ಆದರೆ ಒಳಗೆ ನಡೆಯುವುದು ಎರಡು ಕೆಲಸ. ರೆಗೆಕ್ಸನ್ನು ಮೊದಲು ಬರೆದ ಸ್ಟ್ರಿಂಗ್ ಮೇಲೆ ಪರೀಕ್ಷಿಸಲಾಗುತ್ತದೆ. ಹುಡುಕಾಟ ಮುಗಿದ ಮೇಲೆ ಪೂರ್ಣ ಪಾತ್ ಮೇಲೆ ಇನ್ನೊಮ್ಮೆ. ಹಾಗಾಗಿ ಫಂಕ್ಷನ್ ಕೊಟ್ಟಿದ್ದರೆ ಅದು ಒಂದೇ ಇಂಪೋರ್ಟ್‌ಗೆ ಎರಡು ಸಲ ಓಡಬಹುದು. ಮೊದಲ ಸಲ ಬದಲಿಸಬೇಕಾದದ್ದು ‘ರಿಸಲ್ಟ್.ರಿಕ್ವೆಸ್ಟ್’, ಎರಡನೇ ಸಲ ‘ರಿಸಲ್ಟ್.ಕ್ರಿಯೇಟ್‌ಡೇಟಾ.ರಿಸೋರ್ಸ್’. ಎರಡರಲ್ಲಿ ಯಾವ ಹಂತ ಎಂದು ನೋಡದೆ ಬರೆದ ಫಂಕ್ಷನ್ ಒಂದು ಫೈಲ್‌ಗೆ ಸರಿಹೋಗಿ ಇನ್ನೊಂದಕ್ಕೆ ಕೈಕೊಡುತ್ತದೆ.

ಇಲ್ಲಿ ನಾಲ್ಕು ಕಡೆ ಕಾಲು ಜಾರುತ್ತದೆ. ರೆಗೆಕ್ಸ್‌ಗೆ ಗ್ಲೋಬಲ್ ಫ್ಲ್ಯಾಗ್ ಹಾಕಿದ್ದರೆ ‘ಟೆಸ್ಟ್’ ಮೆಥಡ್ ಹಿಂದಿನ ಸಲ ನಿಂತ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ; ಒಮ್ಮೆ ಹೊಂದಿದರೆ ಮುಂದಿನ ಸಲ ಹೊಂದದೇ ಹೋಗಬಹುದು, ಕೆಲವು ಇಂಪೋರ್ಟ್ ಬದಲಾಗಿ ಕೆಲವು ಹಾಗೇ ಉಳಿಯುತ್ತವೆ. ಆ ಫ್ಲ್ಯಾಗ್ ತೆಗೆಯಿರಿ. ಎರಡನೆಯದು, ವಿಂಡೋಸ್‌ನಲ್ಲಿ ಪೂರ್ಣ ಪಾತ್ ಬ್ಯಾಕ್‌ಸ್ಲ್ಯಾಶ್‌ಗಳಿಂದ ಬರುತ್ತದೆ. ಬರೀ ‘\/’ ಎಂದು ಬರೆದ ರೆಗೆಕ್ಸ್ ಲಿನಕ್ಸ್‌ನಲ್ಲಿ ಓಡಿ ವಿಂಡೋಸ್‌ನಲ್ಲಿ ನಿಲ್ಲುತ್ತದೆ. ‘[\\/]’ ಎಂದು ಬರೆದರೆ ಎರಡಕ್ಕೂ ಆಗುತ್ತದೆ. ಮೂರನೆಯದು, ಬದಲಿಯಾಗಿ ರಿಲೇಟಿವ್ ಸ್ಟ್ರಿಂಗ್ ಕೊಟ್ಟರೆ ಅದಕ್ಕೆ ಎರಡು ಅರ್ಥ: ಮೊದಲ ಹಂತದಲ್ಲಿ ಕೇಳಿದ ಫೈಲ್ ಇರುವ ಫೋಲ್ಡರ್‌ನಿಂದ, ಎರಡನೇ ಹಂತದಲ್ಲಿ ಮೂಲ ಫೈಲ್ ಇರುವ ಫೋಲ್ಡರ್‌ನಿಂದ ಲೆಕ್ಕ. ಪೂರ್ಣ ಪಾತ್ ಕೊಟ್ಟರೆ ಈ ಗೋಜಲೇ ಇಲ್ಲ. ನಾಲ್ಕನೆಯದು, ಎರಡನೇ ಹಂತಕ್ಕೆ ಬರುವಷ್ಟರಲ್ಲಿ ಲೋಡರ್‌ಗಳ ಪಟ್ಟಿ ತಯಾರಾಗಿಬಿಟ್ಟಿರುತ್ತದೆ. ಜೆಎಸ್ ಫೈಲ್‌ನ ಜಾಗಕ್ಕೆ ಆ ಹಂತದಲ್ಲಿ ಟಿಎಸ್ (ಟೈಪ್‌ಸ್ಕ್ರಿಪ್ಟ್) ಫೈಲ್ ಕೂರಿಸಿದರೆ ಅದಕ್ಕೆ ಓಡುವುದು ಜೆಎಸ್‌ನ ಲೋಡರ್‌ಗಳೇ; ಟೈಪ್ ಬರೆದ ಮೊದಲ ಸಾಲಿನಲ್ಲೇ ಪಾರ್ಸ್ ಎರರ್ ಬೀಳುತ್ತದೆ.

ಎಕ್ಸ್‌ಟರ್ನಲ್ಸ್ (ಬಂಡಲ್‌ಗೆ ಸೇರಿಸದೆ ಹೊರಗೇ ಬಿಡುವ ಮಾಡ್ಯೂಲ್‌ಗಳು) ಬಳಸುವವರಿಗೆ ಒಂದು ಮಾತು. ಎಕ್ಸ್‌ಟರ್ನಲ್ ಹೌದೋ ಅಲ್ಲವೋ ಎಂಬ ತೀರ್ಮಾನ ಅಲಿಯಾಸ್‌ಗಿಂತ ಮುಂಚೆ ಆಗುತ್ತದೆ, ಈ ಪ್ಲಗಿನ್‌ನ ಮೊದಲ ಹಂತ ಅದಕ್ಕೂ ಮುಂಚೆ. ‘ರಿಯಾಕ್ಟ್’ ಎಕ್ಸ್‌ಟರ್ನಲ್ ಪಟ್ಟಿಯಲ್ಲಿದ್ದರೆ ಅದಕ್ಕೆ ಬರೆದ ಅಲಿಯಾಸ್ ಯಾರೂ ನೋಡದ ಸಾಲಾಗಿ ಉಳಿಯುತ್ತದೆ.

ವೀಟ್ ಮತ್ತು ರೋಲಪ್

ವೀಟ್‌ನ ‘ರಿಸಾಲ್ವ್.ಅಲಿಯಾಸ್’ ರೋಲಪ್‌ನ ಅಲಿಯಾಸ್ ಪ್ಲಗಿನ್‌ನ ರೀತಿಯಲ್ಲೇ ನಡೆಯುತ್ತದೆ. ಸ್ಟ್ರಿಂಗ್ ಕೀ ಕೊಟ್ಟರೆ ಆ ಹೆಸರಿಗೂ, ಆ ಹೆಸರಿನ ಮುಂದೆ ಸ್ಲ್ಯಾಶ್ ಬಂದದ್ದಕ್ಕೂ ತಗಲುತ್ತದೆ. ವೆಬ್‌ಪ್ಯಾಕ್‌ನ ಡಾಲರ್ ತಂತ್ರ ಇಲ್ಲಿಲ್ಲ. ನಿಖರ ಹೊಂದಿಕೆ ಬೇಕಾದರೆ ಅರೇ ರೂಪದಲ್ಲಿ ‘ಫೈಂಡ್’ಗೆ ರೆಗೆಕ್ಸ್ ಕೊಡಬೇಕು. ರೆಗೆಕ್ಸ್ ಎಲ್ಲಿ ಹೊಂದಿತೋ ಆ ತುಂಡು ಮಾತ್ರ ಬದಲಾಗುತ್ತದೆ, ಇಡೀ ಪಾತ್ ಅಲ್ಲ. ‘/ಕಾನ್ಫಿಗ್/’ ಎಂಬ ರೆಗೆಕ್ಸ್‌ಗೆ ‘/ಆಪ್/ನಕಲಿ.ಜೆಎಸ್’ ಬದಲಿ ಕೊಟ್ಟಿದ್ದೀರಿ ಎನ್ನಿ. ಕೋಡ್‌ನಲ್ಲಿ ‘./ಲಿಬ್/ಕಾನ್ಫಿಗ್’ ಎಂದಿದ್ದರೆ ಬಂಡ್ಲರ್ ಹುಡುಕುವುದು ‘./ಲಿಬ್//ಆಪ್/ನಕಲಿ.ಜೆಎಸ್’ ಅನ್ನು. ಎರರ್‌ನಲ್ಲಿ ಇಂಥ ಎರಡು ಸ್ಲ್ಯಾಶ್‌ನ ವಿಚಿತ್ರ ಪಾತ್ ಕಂಡರೆ ಬೇರೆಲ್ಲೂ ಹುಡುಕಬೇಕಿಲ್ಲ. ‘^.*\/ಕಾನ್ಫಿಗ್$’ ಎಂದು ಎರಡೂ ತುದಿ ಕಟ್ಟಿದರೆ ಸರಿಯಾಗುತ್ತದೆ. ಆದರೆ ಆಗ ನೋಡ್_ಮಾಡ್ಯೂಲ್ಸ್ ಒಳಗಿನ ಯಾವುದೋ ಲೈಬ್ರರಿಯ ‘./ಕಾನ್ಫಿಗ್’ ಕೂಡ ಬಲೆಗೆ ಬೀಳುತ್ತದೆ. ಹೆಸರು ಸಾಮಾನ್ಯವಾದಷ್ಟೂ ಈ ಅಪಾಯ ಹೆಚ್ಚು.

ಪಟ್ಟಿಯಲ್ಲಿ ಮೊದಲು ಹೊಂದಿದ್ದೇ ಗೆಲ್ಲುವುದರಿಂದ ವಿಶೇಷವಾದದ್ದು ಮೇಲೆ, ಸಾಮಾನ್ಯವಾದದ್ದು ಕೆಳಗೆ ಇರಬೇಕು. ಪ್ರಿಯಾಕ್ಟ್‌ಗೆ ಬದಲಿಸುವವರು ‘ರಿಯಾಕ್ಟ್-ಡಾಮ್/ಟೆಸ್ಟ್-ಯುಟಿಲ್ಸ್’ ಸಾಲನ್ನು ‘ರಿಯಾಕ್ಟ್-ಡಾಮ್’ಗಿಂತ ಮೇಲಿಡುವುದು ಇದಕ್ಕೇ. ‘ರಿಯಾಕ್ಟ್/ಜೆಎಸ್‌ಎಕ್ಸ್-ರನ್‌ಟೈಮ್’ ಸಾಲನ್ನೂ ಬಿಡುವಂತಿಲ್ಲ. ಆ ಹೆಸರು ನಿಮ್ಮ ಕೋಡ್‌ನಲ್ಲಿ ಎಲ್ಲೂ ಕಾಣದಿದ್ದರೂ ಜೆಎಸ್‌ಎಕ್ಸ್ (ಜಾವಾಸ್ಕ್ರಿಪ್ಟ್ ಒಳಗೆ ಟ್ಯಾಗ್ ಬರೆಯುವ ರೂಪ) ಪರಿವರ್ತನೆ ಅದನ್ನು ತಾನೇ ಸೇರಿಸುತ್ತದೆ. ಇನ್ನು ಫೈಲ್‌ಗೆ ಗುರಿ ಇಡುವಾಗ ಪೂರ್ಣ ಪಾತ್ ಕೊಡಿ. ರಿಲೇಟಿವ್ ಪಾತ್ ಕೊಟ್ಟರೆ ವೀಟ್ ಅದನ್ನು ಹಾಗೇ ಅಂಟಿಸುತ್ತದೆ, ಆಮೇಲೆ ಅದು ಕೇಳಿದ ಫೈಲ್‌ನ ಲೆಕ್ಕದಲ್ಲಿ ಬಿಡಿಸಿಕೊಳ್ಳುತ್ತದೆ.

ಯಾರು ಕೇಳಿದರು ಎಂಬುದರ ಮೇಲೆ ಬದಲಿಸಬೇಕಾದಾಗ ಸ್ವಂತ ಪ್ಲಗಿನ್ ಬೇಕು. ‘ರಿಸಾಲ್ವ್‌ಐಡಿ’ ಹುಕ್‌ಗೆ (ಹುಡುಕಾಟದ ಹೊತ್ತಿಗೆ ಬಂಡ್ಲರ್ ಕರೆಯುವ ಫಂಕ್ಷನ್) ಮೊದಲ ಆರ್ಗ್ಯುಮೆಂಟ್ ಬರೆದ ಸ್ಟ್ರಿಂಗ್, ಎರಡನೆಯದು ಕೇಳಿದ ಫೈಲ್. ಎಂಟ್ರಿ ಫೈಲ್‌ಗೆ ಎರಡನೆಯದು ‘ಅನ್‌ಡಿಫೈನ್ಡ್’. ಸ್ಟ್ರಿಂಗ್ ಹೋಲಿಸುವ ಬದಲು ‘ದಿಸ್.ರಿಸಾಲ್ವ್’ ಕರೆದು ಪೂರ್ಣ ಪಾತ್ ಪಡೆದು ಹೋಲಿಸುವುದೇ ಗಟ್ಟಿ ದಾರಿ. ಆಗ ‘./ಪೇಮೆಂಟ್’, ‘../ಸರ್ವಿಸ್/ಪೇಮೆಂಟ್’, ‘@/ಸರ್ವಿಸ್/ಪೇಮೆಂಟ್.ಜೆಎಸ್’ ಮೂರೂ ಒಂದೇ ಪಾತ್‌ಗೆ ಬಂದು ನಿಲ್ಲುತ್ತವೆ. ಹೀಗೆ ಕರೆಯುವಾಗ ‘ಸ್ಕಿಪ್‌ಸೆಲ್ಫ್’ ನಿಜ ಇರಬೇಕು, ಇಲ್ಲದಿದ್ದರೆ ಪ್ಲಗಿನ್ ತನ್ನನ್ನೇ ಕರೆದುಕೊಳ್ಳುತ್ತಾ ಹೋಗುತ್ತದೆ. ರೋಲಪ್ 4ರಿಂದ ಅದು ತಾನಾಗಿ ನಿಜ. ಹಳೆಯದರಲ್ಲಿ ನೀವೇ ಬರೆಯಬೇಕು. ಪಾತ್ ಹೋಲಿಸುವ ಮುಂಚೆ ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದಿನದನ್ನು ಕತ್ತರಿಸಿ, ಏಕೆಂದರೆ ವೀಟ್ ಹಲವು ಕಡೆ ಕ್ವೆರಿ ಅಂಟಿಸುತ್ತದೆ. ಫೈಲ್ ಇಲ್ಲದೆ ಕೋಡನ್ನೇ ಹುಟ್ಟಿಸುವುದಿದ್ದರೆ ಐಡಿಯ ಮುಂದೆ ‘\0’ ಹಾಕಿ ಕೊಟ್ಟು, ‘ಲೋಡ್’ ಹುಕ್‌ನಲ್ಲಿ ಆ ಐಡಿಗೆ ಸ್ಟ್ರಿಂಗ್ ಹಿಂತಿರುಗಿಸಿ. ಆ ಗುರುತು ಇದ್ದರೆ ಬೇರೆ ಪ್ಲಗಿನ್‌ಗಳು ಅದನ್ನು ಫೈಲ್ ಎಂದುಕೊಂಡು ಮುಟ್ಟುವುದಿಲ್ಲ.

ವೀಟ್‌ನಲ್ಲಿ ಇಂಥ ಪ್ಲಗಿನ್‌ಗೆ ‘ಎನ್‌ಫೋರ್ಸ್: ಪ್ರೀ’ ಬೇಕೇ ಬೇಕು. ಕ್ರಮ ಹೀಗಿದೆ: ಮೊದಲು ಅಲಿಯಾಸ್, ಆಮೇಲೆ ಪ್ರೀ ಪ್ಲಗಿನ್‌ಗಳು, ಆಮೇಲೆ ವೀಟ್‌ನ ಸ್ವಂತ ರಿಸಾಲ್ವರ್, ಅದಾದ ಮೇಲೆ ಮಾಮೂಲಿ ಪ್ಲಗಿನ್‌ಗಳು. ಪ್ರೀ ಇಲ್ಲದಿದ್ದರೆ ನಿಮ್ಮ ಸರದಿ ಬರುವಷ್ಟರಲ್ಲಿ ಪಾತ್ ತೀರ್ಮಾನವಾಗಿರುತ್ತದೆ, ಹುಕ್ ಓಡುವುದೇ ಇಲ್ಲ.

ಕೈಕೊಡುವ ಇನ್ನೊಂದು ಜಾಗ ಡೆವ್ ಸರ್ವರ್ (ಕೋಡ್ ಬರೆಯುವಾಗ ಓಡಿಸುವ ಸರ್ವರ್). ನೋಡ್_ಮಾಡ್ಯೂಲ್ಸ್ ಒಳಗಿನ ಪ್ಯಾಕೇಜ್‌ಗಳನ್ನು ವೀಟ್ ಮೊದಲೇ ಬಂಡಲ್ ಮಾಡಿಟ್ಟುಕೊಳ್ಳುತ್ತದೆ. ಆ ಕೆಲಸದಲ್ಲಿ ಅಲಿಯಾಸ್‌ಗೆ ಬೆಲೆ ಇದೆ, ನಿಮ್ಮ ‘ರಿಸಾಲ್ವ್‌ಐಡಿ’ಗೆ ಇಲ್ಲ. ಒಂದು ಲೈಬ್ರರಿಯ ಒಳಗಿನ ಇಂಪೋರ್ಟನ್ನು ಪ್ಲಗಿನ್‌ನಿಂದ ಬದಲಿಸಿದ್ದರೆ ಬಿಲ್ಡ್‌ನಲ್ಲಿ ಬದಲಾಗಿ, ಡೆವ್‌ನಲ್ಲಿ ಬದಲಾಗದೇ ಇರುವುದಕ್ಕೆ ಇದೇ ಕಾರಣ. ಆ ಪ್ಯಾಕೇಜನ್ನು ‘ಆಪ್ಟಿಮೈಸ್‌ಡೆಪ್ಸ್.ಎಕ್ಸ್‌ಕ್ಲೂಡ್’ಗೆ ಹಾಕಬಹುದು, ಆದರೆ ಅದು ಕಾಮನ್‌ಜೆಎಸ್ (ರಿಕ್ವೈರ್ ಬಳಸುವ ಹಳೆಯ ರೂಪ) ಆಗಿದ್ದರೆ ಹಾಗೆ ಹೊರಗಿಟ್ಟಾಗ ಬ್ರೌಸರ್‌ನಲ್ಲಿ ಓಡುವುದಿಲ್ಲ. ಸರ್ವರ್ ರೆಂಡರಿಂಗ್‌ನಲ್ಲಿ ಡಿಪೆಂಡೆನ್ಸಿಗಳನ್ನು ನೇರವಾಗಿ ನೋಡ್ ಲೋಡ್ ಮಾಡುತ್ತದೆ, ಅಲ್ಲಿ ಅಲಿಯಾಸ್ ಕೂಡ ತಲುಪುವುದಿಲ್ಲ. ಅದಕ್ಕೆ ‘ಎಸ್‌ಎಸ್‌ಆರ್.ನೋಎಕ್ಸ್‌ಟರ್ನಲ್’ ಬಳಸಿ, ಇಲ್ಲವೇ ಪ್ಯಾಕೇಜ್.ಜೇಸನ್‌ನಲ್ಲೇ ‘ರಿಯಾಕ್ಟ್’ನ ಎದುರು ‘ಎನ್‌ಪಿಎಂ:@ಪ್ರಿಯಾಕ್ಟ್/ಕಂಪ್ಯಾಟ್’ ಎಂಬಂತೆ ಬರೆದು ಇನ್‌ಸ್ಟಾಲ್ ಹಂತದಲ್ಲೇ ಬದಲಿಸಿಬಿಡಿ.

ಇಎಸ್‌ಬಿಲ್ಡ್ ಬಗ್ಗೆ ಚುಟುಕಾಗಿ: ಅದರ ಅಲಿಯಾಸ್ ಪ್ಯಾಕೇಜ್ ಹೆಸರುಗಳಿಗಷ್ಟೇ, ರಿಲೇಟಿವ್ ಪಾತ್ ಕೀ ಆಗುವುದಿಲ್ಲ. ಬದಲಿ ಪಾತ್‌ನ ಲೆಕ್ಕ ಓಡಿಸುತ್ತಿರುವ ಫೋಲ್ಡರ್‌ನಿಂದ. ಪ್ಲಗಿನ್‌ನ ‘ಆನ್‌ರಿಸಾಲ್ವ್’ ಫಿಲ್ಟರ್ ಗೋ ಭಾಷೆಯ ರೆಗೆಕ್ಸ್ ಆದ್ದರಿಂದ ಲುಕ್‌ಅಹೆಡ್, ಲುಕ್‌ಬಿಹೈಂಡ್ ನಡೆಯುವುದಿಲ್ಲ. ಎಲ್ಲಕ್ಕೂ ಹೊಂದುವ ‘.*’ ಫಿಲ್ಟರ್ ಕೊಟ್ಟರೆ ಪ್ರತಿ ಇಂಪೋರ್ಟ್‌ಗೂ ಗೋ ಕಡೆಯಿಂದ ಜಾವಾಸ್ಕ್ರಿಪ್ಟ್ ಕಡೆಗೆ ಓಡಾಟವಾಗಿ ವೇಗ ಹೋಗುತ್ತದೆ. ಫಿಲ್ಟರನ್ನು ಆದಷ್ಟು ಬಿಗಿ ಮಾಡಿ.

ಹೊದಿಕೆ ಫೈಲ್ ತನ್ನನ್ನೇ ಕೇಳಿಕೊಂಡಾಗ

ಅಸಲಿ ಮಾಡ್ಯೂಲನ್ನು ಪೂರ್ತಿ ತೆಗೆಯದೆ ಅದರ ಮೇಲೆ ಒಂದು ಪದರ ಹಾಕುವುದು ಮಾಮೂಲಿ ಬೇಡಿಕೆ. ‘ಆಕ್ಸಿಯೋಸ್’ (ನೆಟ್‌ವರ್ಕ್ ಕೋರಿಕೆ ಕಳಿಸುವ ಲೈಬ್ರರಿ) ಕೇಳಿದರೆ ಲಾಗ್ ಸೇರಿಸಿದ ನಮ್ಮ ಫೈಲ್ ಬರಬೇಕು, ಆ ಫೈಲ್ ಒಳಗೆ ಅಸಲಿ ಆಕ್ಸಿಯೋಸ್ ಬೇಕು. ಅಲಿಯಾಸ್ ಹಾಕಿದ ಕೂಡಲೇ ಹೊದಿಕೆ ಫೈಲ್ ಒಳಗಿನ ‘ಆಕ್ಸಿಯೋಸ್’ ಕೂಡ ಹೊದಿಕೆಗೇ ತಿರುಗುತ್ತದೆ. ಫೈಲ್ ತನ್ನನ್ನೇ ಇಂಪೋರ್ಟ್ ಮಾಡಿಕೊಂಡಂತಾಯಿತು. ಬಿಲ್ಡ್ ಸಾಮಾನ್ಯವಾಗಿ ಮುಗಿಯುತ್ತದೆ, ಓಡಿಸಿದಾಗ ‘ಅನ್‌ಡಿಫೈನ್ಡ್’ ಅಥವಾ ‘ಇನಿಷಿಯಲೈಸ್ ಆಗುವ ಮೊದಲೇ ಬಳಸಲಾಗಿದೆ’ ಎಂಬ ಅರ್ಥದ ಎರರ್.

ಬಿಡಿಸಲು ಮೂರು ದಾರಿ. ‘ಆಕ್ಸಿಯೋಸ್-ಅಸಲಿ$’ ಎಂಬ ಎರಡನೇ ಅಲಿಯಾಸ್ ಮಾಡಿ, ಅದಕ್ಕೆ ನೋಡ್_ಮಾಡ್ಯೂಲ್ಸ್ ಒಳಗಿನ ಫೈಲ್‌ನ ಪೂರ್ಣ ಪಾತ್ ಕೊಟ್ಟು ಹೊದಿಕೆಯಲ್ಲಿ ಆ ಹೆಸರನ್ನು ಕೇಳಬಹುದು. ಸರಳ, ಆದರೆ ‘ಎಕ್ಸ್‌ಪೋರ್ಟ್ಸ್’ ಫೀಲ್ಡ್‌ನ ಆಯ್ಕೆಯನ್ನು ದಾಟಿಹೋಗುವುದರಿಂದ ಸರಿಯಾದ ಫೈಲ್ ನೀವೇ ಆರಿಸಬೇಕು. ವೆಬ್‌ಪ್ಯಾಕ್‌ನಲ್ಲಿ ‘ರೂಲ್.ರಿಸಾಲ್ವ್’ ಬಳಸಿ ಹೊದಿಕೆ ಫೈಲ್ ಬಿಟ್ಟು ಉಳಿದವಕ್ಕೆ ಮಾತ್ರ ಅಲಿಯಾಸ್ ಹಾಕಬಹುದು. ಅಥವಾ ಪ್ಲಗಿನ್‌ನಲ್ಲಿ ಕೇಳಿದ ಫೈಲ್ ಹೊದಿಕೆಯೇ ಆಗಿದ್ದರೆ ಸುಮ್ಮನೆ ಬಿಟ್ಟುಬಿಡಿ: ವೆಬ್‌ಪ್ಯಾಕ್‌ನಲ್ಲಿ ‘ಕಾಂಟೆಕ್ಸ್ಟ್‌ಇನ್ಫೋ.ಇಶ್ಯೂಯರ್’, ರೋಲಪ್ ಮತ್ತು ಇಎಸ್‌ಬಿಲ್ಡ್‌ನಲ್ಲಿ ‘ಇಂಪೋರ್ಟರ್’. ನನ್ನ ಒಲವು ಕೊನೆಯದಕ್ಕೆ.

ನಿಮ್ಮದೇ ಕೋಡ್ ಆದರೆ ಪ್ಯಾಕೇಜ್.ಜೇಸನ್ ಸಾಕು

ಬದಲಾಗಬೇಕಾದದ್ದು ಹೊರಗಿನ ಲೈಬ್ರರಿಯಲ್ಲ, ನೀವೇ ಬರೆದ ಫೈಲ್ ಎಂದಾದರೆ ಬಂಡ್ಲರ್ ಕಾನ್ಫಿಗ್‌ಗೆ ಕೈ ಹಾಕುವ ಮೊದಲು ಪ್ಯಾಕೇಜ್.ಜೇಸನ್‌ನ ‘ಇಂಪೋರ್ಟ್ಸ್’ ಫೀಲ್ಡ್ ನೋಡಿ. ಹೆಸರು ಹ್ಯಾಶ್‌ನಿಂದ ಶುರುವಾಗಬೇಕು: ‘#ಸ್ಟೋರೇಜ್’. ಅದರೊಳಗೆ ‘ಬ್ರೌಸರ್’ ಎಂಬ ಕಂಡಿಷನ್‌ಗೆ ಒಂದು ಫೈಲ್, ‘ಡಿಫಾಲ್ಟ್’ಗೆ ಇನ್ನೊಂದು. ಮೇಲಿನಿಂದ ಕೆಳಗೆ ಓದಿ ಮೊದಲು ಹೊಂದಿದ್ದನ್ನು ತೆಗೆದುಕೊಳ್ಳುವುದರಿಂದ ‘ಡಿಫಾಲ್ಟ್’ ಕೊನೆಯಲ್ಲೇ ಇರಬೇಕು. ಎಕ್ಸ್‌ಟೆನ್ಷನ್ ಸಹಿತ ಪೂರ್ತಿ ಬರೆಯಬೇಕು, ಊಹಿಸಿಕೊಳ್ಳುವ ಅಭ್ಯಾಸ ಇಲ್ಲಿಲ್ಲ.

ಸ್ವಂತ ಕಂಡಿಷನ್‌ಗಳನ್ನೂ ಸೇರಿಸಬಹುದು. ‘ಮಾಕ್’ ಎಂಬುದನ್ನು ಮೇಲಿಟ್ಟು, ನೋಡ್‌ಗೆ ‘--ಕಂಡಿಷನ್ಸ್=ಮಾಕ್’ ಕೊಟ್ಟರೆ ಬಂಡ್ಲರ್ ಇಲ್ಲದೆಯೂ ಬದಲಾಗುತ್ತದೆ. ವೆಬ್‌ಪ್ಯಾಕ್‌ನಲ್ಲಿ ಇದು ‘ರಿಸಾಲ್ವ್.ಕಂಡಿಷನ್‌ನೇಮ್ಸ್’, ಮೂಲ ಪಟ್ಟಿ ಅಳಿಯದಂತೆ ಕೊನೆಗೆ ಮೂರು ಚುಕ್ಕಿಯ ಸ್ಟ್ರಿಂಗ್ ‘...’ ಸೇರಿಸಬೇಕು. ವೀಟ್‌ನಲ್ಲಿ ‘ರಿಸಾಲ್ವ್.ಕಂಡಿಷನ್ಸ್’, ಟೈಪ್‌ಸ್ಕ್ರಿಪ್ಟ್ 5.0ರಿಂದ ‘ಕಸ್ಟಮ್‌ಕಂಡಿಷನ್ಸ್’. ಹ್ಯಾಶ್ ಕಂಡ ಕೂಡಲೇ ‘ಇದು ಬದಲಾಗುವ ಜಾಗ’ ಎಂದು ಓದುವವರಿಗೂ ತಿಳಿಯುತ್ತದೆ. ಅಲಿಯಾಸ್‌ಗೆ ಆ ಗುಣವಿಲ್ಲ. ಕೋಡ್ ಒಂದು ಹೇಳುತ್ತದೆ, ಕಾನ್ಫಿಗ್ ಇನ್ನೊಂದು ಮಾಡುತ್ತದೆ.

ಬಂಡ್ಲರ್ ಬದಲಿಸಿದ್ದನ್ನು ಉಳಿದ ಸಲಕರಣೆಗಳಿಗೂ ಪ್ರತ್ಯೇಕವಾಗಿ ಹೇಳಬೇಕು. ಟಿಎಸ್‌ಕಾನ್ಫಿಗ್‌ನ ‘ಪಾತ್ಸ್’ ಟೈಪ್ ಪರೀಕ್ಷೆಗಷ್ಟೇ. ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಟಿಎಸ್‌ಸಿ ಹೊರಹಾಕುವ ಫೈಲ್‌ನಲ್ಲಿ ಪಾತ್ ಹಾಗೇ ಉಳಿಯುತ್ತದೆ. ಟೆಸ್ಟ್ ಓಡಿಸುವ ಜೆಸ್ಟ್‌ಗೆ ‘ಮಾಡ್ಯೂಲ್‌ನೇಮ್‌ಮ್ಯಾಪರ್’ ಬೇರೆ ಬರೆಯಬೇಕು, ವೀಟೆಸ್ಟ್ ಮಾತ್ರ ವೀಟ್ ಕಾನ್ಫಿಗನ್ನೇ ಓದಿಕೊಳ್ಳುತ್ತದೆ. ಟೈಪ್‌ಸ್ಕ್ರಿಪ್ಟ್ ನೋಡುವುದು ಅಸಲಿ ಫೈಲನ್ನು, ಓಡುವುದು ನಕಲಿ ಫೈಲ್. ಹೀಗಿರುವಾಗ ಅಸಲಿಗೆ ಹೊಸ ಫಂಕ್ಷನ್ ಸೇರಿಸಿ ನಕಲಿಗೆ ಸೇರಿಸದಿದ್ದರೆ ಟೈಪ್ ಪರೀಕ್ಷೆ ಪಾಸ್. ರೋಲಪ್ ಆ ಹೆಸರು ಎಕ್ಸ್‌ಪೋರ್ಟ್ ಆಗಿಲ್ಲ ಎಂದು ಬಿಲ್ಡ್ ನಿಲ್ಲಿಸುತ್ತದೆ, ಅದು ಒಳ್ಳೆಯದೇ. ಆದರೆ ಇಡೀ ಮಾಡ್ಯೂಲನ್ನು ‘ಸ್ಟಾರ್ ಆಸ್’ ಎಂದು ತಂದು ಬಳಸಿದ್ದರೆ ಕೊರತೆ ಬಿಲ್ಡ್ ದಾಟಿಹೋಗಬಹುದು. ಎರಡೂ ಫೈಲ್‌ಗಳು ಒಂದು ಆಬ್ಜೆಕ್ಟನ್ನೇ ಡಿಫಾಲ್ಟ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಎರಡಕ್ಕೂ ಒಂದೇ ಇಂಟರ್‌ಫೇಸ್ ಮೇಲೆ ‘ಸ್ಯಾಟಿಸ್‌ಫೈಸ್’ ಹಾಕಿದರೆ ವ್ಯತ್ಯಾಸ ಬರೆದ ಕ್ಷಣವೇ ಕೆಂಪು ಗೆರೆ ಬೀಳುತ್ತದೆ. ಟೈಪ್‌ಸ್ಕ್ರಿಪ್ಟ್ 4.9 ಅಥವಾ ಹೊಸದು ಇರಬೇಕು.

ಕ್ಯಾಶ್, ಮತ್ತು ನಿಜಕ್ಕೂ ಬದಲಾಯಿತೇ ಎಂದು ನೋಡುವುದು

ಎನ್ವಿರಾನ್‌ಮೆಂಟ್ ವೇರಿಯಬಲ್ ನೋಡಿ ಬದಲಿಸುವ ಕಾನ್ಫಿಗ್ ಇದ್ದು, ವೆಬ್‌ಪ್ಯಾಕ್‌ನ ಫೈಲ್‌ಸಿಸ್ಟಮ್ ಕ್ಯಾಶ್ ಕೂಡ ಆನ್ ಇದ್ದರೆ ಎರಡು ಬಿಲ್ಡ್‌ಗಳು ಒಂದೇ ಕ್ಯಾಶ್ ಹಂಚಿಕೊಳ್ಳಬಹುದು. ಪ್ಲಗಿನ್ ಫಂಕ್ಷನ್‌ನೊಳಗಿನ ನಿಮ್ಮ ಷರತ್ತು ಕ್ಯಾಶ್‌ನ ಕಣ್ಣಿಗೆ ಬೀಳುವುದಿಲ್ಲ. ‘ಕ್ಯಾಶ್.ವರ್ಷನ್’ಗೆ ಆ ವೇರಿಯಬಲ್‌ನ ಬೆಲೆ ಸೇರಿಸಿ, ‘ಬಿಲ್ಡ್‌ಡಿಪೆಂಡೆನ್ಸೀಸ್’ಗೆ ಕಾನ್ಫಿಗ್ ಫೈಲನ್ನೂ ಸೇರಿಸಿ. ವೀಟ್‌ನಲ್ಲಿ ಅನುಮಾನ ಬಂದರೆ ‘--ಫೋರ್ಸ್’ ಕೊಟ್ಟು ಶುರುಮಾಡಿ ಅಥವಾ ‘ನೋಡ್_ಮಾಡ್ಯೂಲ್ಸ್/.ವೀಟ್’ ಫೋಲ್ಡರ್ ಅಳಿಸಿ.

ಖಾತ್ರಿಗೆ ಬಂಡ್ಲರ್‌ನ ವರದಿಯನ್ನೇ ಕೇಳಿ. ಇಎಸ್‌ಬಿಲ್ಡ್‌ನ ಮೆಟಾಫೈಲ್‌ನಲ್ಲಿ ‘ಇನ್‌ಪುಟ್ಸ್’ ಪಟ್ಟಿ ಇರುತ್ತದೆ. ಅಸಲಿ ಫೈಲ್‌ನ ಹೆಸರು ಅಲ್ಲಿ ಕಂಡರೆ ಯಾರೋ ಬೇರೆ ದಾರಿಯಿಂದ ಅದನ್ನು ತಂದಿದ್ದಾರೆ ಎಂದರ್ಥ. ವೆಬ್‌ಪ್ಯಾಕ್‌ನ ಸ್ಟ್ಯಾಟ್ಸ್ ಜೇಸನ್‌ನಲ್ಲಿ ಪ್ರತಿ ಮಾಡ್ಯೂಲ್‌ನ ಕೆಳಗೆ ‘ರೀಸನ್ಸ್’ ಇದ್ದು, ತಂದದ್ದು ಯಾವ ಫೈಲ್ ಎಂದೂ ಅದೇ ಹೇಳುತ್ತದೆ.

ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಓಡುವ ಬಿಲ್ಡ್ ಮತ್ತು ಪರೀಕ್ಷೆ) ಹಾಕಲು ಇನ್ನೂ ಸುಲಭದ್ದೊಂದಿದೆ. ನಕಲಿ ಫೈಲ್‌ನಲ್ಲಿ ಬೇರೆಲ್ಲೂ ಬರದ ಒಂದು ಸ್ಟ್ರಿಂಗನ್ನು ‘ಗ್ಲೋಬಲ್‌ದಿಸ್’ ಮೇಲೆ ಇಡಿ. ಬರೀ ಕಾನ್‌ಸ್ಟ್‌ನಲ್ಲಿಟ್ಟರೆ ಯಾರೂ ಬಳಸುತ್ತಿಲ್ಲ ಎಂದು ಕೋಡ್ ಕುಗ್ಗಿಸುವ ಮಿನಿಫೈಯರ್ ಕಿತ್ತು ಎಸೆಯುತ್ತದೆ. ಕಾಮೆಂಟ್‌ನಲ್ಲಿಟ್ಟರೆ ಅದೂ ಉಳಿಯುವುದಿಲ್ಲ. ಹೆಸರುಗಳನ್ನು ಮಿನಿಫೈಯರ್ ಬದಲಿಸಿದರೂ ಸ್ಟ್ರಿಂಗ್ ಹಾಗೇ ಇರುತ್ತದೆ. ಪ್ರೊಡಕ್ಷನ್ ಬಿಲ್ಡ್ ಆದ ಮೇಲೆ ಡಿಸ್ಟ್ ಫೋಲ್ಡರ್‌ನಲ್ಲಿ ಗ್ರೆಪ್ ಹಾಕಿ ಆ ಸ್ಟ್ರಿಂಗ್ ಹುಡುಕಿ, ಸಿಕ್ಕರೆ ಬಿಲ್ಡ್ ಫೇಲ್ ಮಾಡಿ. ಡೆಮೊ ಬಿಲ್ಡ್‌ನಲ್ಲಿ ಅದೇ ಗ್ರೆಪ್ ತಿರುಗುಮುರುಗು: ಸಿಗದಿದ್ದರೆ ಫೇಲ್. ಜೆಎಸ್ ಫೈಲ್‌ಗಳನ್ನಷ್ಟೇ ಅಲ್ಲದೆ ಸೋರ್ಸ್ ಮ್ಯಾಪ್‌ಗಳನ್ನೂ ಪ್ರೊಡಕ್ಷನ್ ಪರೀಕ್ಷೆಗೆ ಸೇರಿಸಿ, ಮ್ಯಾಪ್ ಒಳಗೆ ಸಾಮಾನ್ಯವಾಗಿ ಮೂಲ ಫೈಲ್‌ನ ಪಠ್ಯವೇ ಇರುತ್ತದೆ. ಡೆಮೊ ಪರೀಕ್ಷೆಯಲ್ಲಿ ಮಾತ್ರ ಮ್ಯಾಪ್‌ಗಳನ್ನು ಬಿಡಿ, ಏಕೆಂದರೆ ಅಲ್ಲಿ ಓಡುವ ಕೋಡ್‌ನಲ್ಲಿ ಸ್ಟ್ರಿಂಗ್ ಇದೆಯೇ ಎಂಬುದಷ್ಟೇ ಮುಖ್ಯ.